ನನ್ನ ಗುಂಡು ಕೊಡ್ರಿ!

“ನನ್ನ ಗುಂಡು ಕೊಡ್ರಿ!”

ಮಲ್ಲತ್ತಹಳ್ಳಿ ಕೆರೆ ಪಕ್ಕದ ಬಯಲಿನಲ್ಲಿ ವಾಕಿಂಗ್ ಮಾಡುತ್ತಿದ್ದವರೆಲ್ಲ ನಿಂತು ತಿರುಗಿ ನೋಡಿದರು. ವಿಜಯಶ್ರೀಗೆ ಅದರ ಪರಿವೆಯೇ ಇರಲಿಲ್ಲ. ಎದುರಿಗೆ ನಿಂತಿದ್ದ ಜೀವನ್‌ನ ಕಂಕುಳಲ್ಲಿ ಅವಳ ಕಬ್ಬಿಣದ ಶಾಟ್‌ಪುಟ್ ಗುಂಡಿತ್ತು.

“ಕೊಡಲ್ಲ. ನಾಲ್ಕು ದಿನ ಇದನ್ನ ಮುಟ್ಬೇಡಿ.”

“ಅದನ್ನ ಹೇಳಾಕ ನೀವ್ಯಾರ್ರೀ?”

“ಈ ಬಯಲು ನಮ್ದು” ಎಂದವನೇ ಬೈಕ್ ಹತ್ತಿ ಹೊರಟೇಬಿಟ್ಟ.

ಅಬ್ಬಬ್ಬಾ, ಆ ಸೊಕ್ಕೇ! ಊರಿನ ಹಳೇ ಜಮೀನುದಾರರ ಮಗ, ಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಇಷ್ಟು ದಿನ ದೂರದಲ್ಲಿ ಕೂತು ತಂಗಿ ಅನುವಿನ ಪ್ರಾಕ್ಟೀಸ್ ನೋಡುತ್ತಿದ್ದವನು, ಮೊದಲ ಸಲ ಎದುರು ನಿಂತು ಮಾತಾಡಿದ್ದೇ ಹೀಗೆ.

ವಿಜಯಶ್ರೀ ಕೊಪ್ಪಳದ ಕಡೆಯ ಹುಡುಗಿ. ಮೂಡಲಪಾಳ್ಯದ ಒಂದೇ ಕೋಣೆಯಲ್ಲಿ, ಡೆಲಿವರಿ ಕೆಲಸದ ಅಣ್ಣ ಶ್ರೀಶೈಲನ ಜೊತೆ ವಾಸ. ಪೊಲೀಸ್ ಕಾನ್‌ಸ್ಟೆಬಲ್ ಲಿಖಿತ ಪರೀಕ್ಷೆ ಪಾಸಾಗಿತ್ತು. ದೈಹಿಕ ಪರೀಕ್ಷೆಯ ಓಟಕ್ಕೂ ಅವಳು ಹೆದರುವವಳಲ್ಲ. ಗುಂಡು ಎಸೆತ ಮಾತ್ರ ಪಾಸಾಗುವ ಗೆರೆ ದಾಟುತ್ತಿರಲಿಲ್ಲ. ಬರುವ ವರ್ಷಕ್ಕೆ ವಯಸ್ಸು ಮೀರುತ್ತದೆ, ಇದೇ ಕೊನೆಯ ಅವಕಾಶ.

ಅದಕ್ಕೇ ಬೆಳಗ್ಗೆಯೂ ಎಸೆದಳು, ಸಂಜೆಯೂ ಎಸೆದಳು. ಎಸೆದಷ್ಟೂ ಗುಂಡು ಇನ್ನೂ ಹತ್ತಿರ ಬೀಳತೊಡಗಿತು. ಹತ್ತಿರ ಬಿದ್ದಷ್ಟೂ ಇವಳು ಮತ್ತೆ ಎಸೆದಳು. ಹಟಮಾರಿ... ಯಾರ ಮಾತು ಕೇಳುತ್ತಾಳೆ?

‘ಅನುನೂ ಇದೇ ಪರೀಕ್ಷೆಗೆ ಹೊಂಟಾಳ... ಓಹೋ! ತಂಗಿ ಗೆಲ್ಲಲಿ ಅಂತ ನನ್ನ ಗುಂಡು ಮುಚ್ಚಿಟ್ಟಾನ!’

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮೂರನೆಯ ದಿನ ತಡೆಯಲಾರದೆ ಅವನ ಮನೆಗೇ ನುಗ್ಗಿದಳು. ಅನು ಜಗಲಿಯಲ್ಲಿ ಕಾಲು ಚಾಚಿ ಅವರೆಕಾಳು ಹಿತುಕುತ್ತಿದ್ದಳು.

“ನನ್ನ ಗುಂಡಿಲೆ ಪ್ರಾಕ್ಟೀಸ್ ಮಾಡಾಕ ನಾಚಿಕಿ ಬರಂಗಿಲ್ಲೇನು ನಿನಗ?”

“ಅಯ್ಯೋ ಅಕ್ಕಾ... ನಂದನ್ನೂ ಕಿತ್ಕೊಂಡಿದಾನೆ ಕಣಕ್ಕಾ!”

ತಾಯಿ ಚಿಕ್ಕಲಕ್ಷ್ಮಮ್ಮ ರಾಗಿ ಡ್ರಮ್ಮಿನ ಮುಚ್ಚಳ ತೆಗೆದು ತೋರಿಸಿದರು. ರಾಗಿಯ ಮೇಲೆ ಎರಡು ಗುಂಡುಗಳು ಅಕ್ಕಪಕ್ಕ ಕೂತಿದ್ದವು.

“ನೋಡವ್ವ, ಮಿಲ್ಲಿಗೆ ರಾಗಿ ಹಾಕ್ಸೋಕೂ ಬಿಡ್ತಿಲ್ಲ ನನ್ ಮಗ.”

ವಿಜಯಶ್ರೀಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಹಾಗಂತ ಸೋಲೊಪ್ಪುವವಳೇ? ಒಳಗಿನಿಂದ ಬಂದ ಜೀವನ್ ಮೇಲೆ ಹರಿಹಾಯ್ದಳು.

“ಬಾಯಿಬಿಟ್ಟು ಹೇಳಬಾರದಿತ್ತೇನ್ರಿ?”

“ರೆಸ್ಟ್ ತಗೊಳ್ಳಿ ಅಂತ ಅನು ಕೈಲಿ ಮೂರು ಸಲ ಹೇಳಿಸ್ದೆ. ‘ನಿಮ್ಮಣ್ಣಗ ತನ್ನ ಕೆಲಸ ನೋಡ್ಕೊಳ್ಳಾಕ ಹೇಳು’ ಅಂದ್ರಂತೆ.”

ಹೌದು... ಅಂದಿದ್ದಳು!

“ದಣಿದ ಮೈಗೆ ಇನ್ನಷ್ಟು ಕೆಲಸ ಕೊಟ್ರೆ ಬಲ ಬರಲ್ಲ ಕಣ್ರೀ. ರೆಸ್ಟ್ ಕೊಟ್ಟಾಗ್ಲೇ ಬರೋದು.” ಅವನ ದನಿಯೂ ಏರಿತು. “ಗುಂಡು ಎತ್ತೋವಾಗೆಲ್ಲ ಹಲ್ಲು ಕಚ್ತೀರ. ಭುಜಕ್ಕೆ ದುಪಟ್ಟಾ ಬಿಗಿದು, ಮೇಲೆ ಜಾಕೆಟ್ ಹಾಕೊಂಡ್ ಬರ್ತೀರ. ಯಾರಿಗೂ ಕಾಣಲ್ಲ ಅನ್ಕೊಂಡಿದೀರಾ?”

ವಿಜಯಶ್ರೀಯ ಕೈ ತಾನಾಗಿ ಭುಜಕ್ಕೆ ಹೋಯಿತು. ಒಂದೇ ಕೋಣೆಯಲ್ಲಿರುವ ಅಣ್ಣನಿಗೂ ಕಾಣದ ನೋವು ಇವನಿಗೆ ಹೇಗೆ ಕಂಡಿತು? ಕಣ್ಣು ತುಂಬಿತು. ಕಣ್ಣು ತುಂಬಿದ್ದಕ್ಕೆ ಇನ್ನಷ್ಟು ಕೋಪ ಬಂತು.

“ನಾ ಸೋತ್ರ ನಿಮ್ಮನ್ನ ಸುಮ್ಮನ ಬಿಡಂಗಿಲ್ಲ!”

“ಬಿಡ್ಬೇಡಿ.”

ಮಾತಿಗೆ ತಪ್ಪದೆ ಐದನೆಯ ದಿನ ಗುಂಡು ವಾಪಸ್ ಕೊಟ್ಟ.

“ಬರೀ ಕೈಯಲ್ಲಲ್ಲ, ಕಾಲಿಂದ ತಳ್ಳಿ.”

“ಗುಂಡು ಕೈಯಾಗೈತ್ರಿ, ಕಾಲಾಗಿಲ್ಲ!”

ಬೈಯುತ್ತಲೇ ಮಂಡಿ ಬಾಗಿಸಿ, ನೆಲ ಒತ್ತಿ ಎಸೆದಳು. ಗುಂಡು ಸುಣ್ಣದ ಗೆರೆ ದಾಟಿ ಧಪ್ ಎಂದು ಬಿತ್ತು. ಅನು ಕುಣಿದಾಡಿದಳು. ವಿಜಯಶ್ರೀ ಮಾತ್ರ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಆಮೇಲೆ ಒಂದು ದಿನ ಎಸೆತ, ಒಂದು ದಿನ ವಿಶ್ರಾಂತಿ. ಎಸೆತ ಮುಗಿದೊಡನೆ ಜೀವನ್ ಗುಂಡನ್ನು ಮತ್ತೆ ರಾಗಿ ಡ್ರಮ್ಮಿಗೆ ಸೇರಿಸುತ್ತಿದ್ದ. ವಿಶ್ರಾಂತಿಯ ದಿನವೂ ಅವಳು ಬಯಲಿಗೆ ಬರುತ್ತಿದ್ದಳು. ಯಾಕೆ? ಗುಂಡು ಕೊಡಿ ಎಂದು ಜಗಳವಾಡಲು! ಅವನು ಕೊಡುವುದಿಲ್ಲ ಎಂದು ಗೊತ್ತಿದ್ದೂ ಬರುತ್ತಿದ್ದಳು.

ಪರೀಕ್ಷೆಯ ದಿನ ಅನುವೂ ಗೆದ್ದಳು, ವಿಜಯಶ್ರೀಯೂ ಗೆದ್ದಳು. ಮೈದಾನದ ಗೇಟಿನ ಹೊರಗೆ ಜೀವನ್ ಕಾಯುತ್ತಿದ್ದ. ಅವಳು ಸೀದಾ ಅವನ ಮುಂದೆ ಬಂದು ಕೈ ಚಾಚಿದಳು.

“ನನ್ನ ಗುಂಡು ಕೊಡ್ರಿ.”

“ಪಾಸಾಯ್ತಲ್ಲ, ಇನ್ಯಾಕೆ?”

“ಯಾಕಂದ್ರ...” ಜಗಳಗಂಟಿಯ ದನಿ ಮೊದಲ ಸಲ ನಡುಗಿತು. “ನಾಳಿಂದ ಯಾವ ನೆಪ ಹೇಳಿ ನಿಮ್ಮನ್ನ ಬೈಯಾಕ ಬರ್ಲಿ?”

ಜೀವನ್ ಅವಳನ್ನೇ ನೋಡಿದ. ಆ ಸೊಕ್ಕಿನ ಮುಖದಲ್ಲಿ ನಗು ಅರಳಿತು.

“ಹಂಗಾದ್ರೆ ಕೊಡೋದೇ ಇಲ್ಲ. ರಾಗಿ ಡ್ರಮ್ಮಲ್ಲೇ ಇರ್ಲಿ. ದಿನಾ ಮನೆಗೆ ಬಂದು ಕೇಳಿ... ವಾಪಸ್ ಹೋಗೋದೇ ಬೇಡ ಅನ್ನಿಸೋವರ್ಗೂ.”

“ಭಾಳ ಸೊಕ್ಕು ನಿಮಗ!”

“ಹೂಂ. ಇಷ್ಟಾನಾ?”

ಅವಳು ತಲೆ ತಗ್ಗಿಸಿದಳು.

“...ಭಾಳ.”