ಗಂಡನ ಸುತ್ತ ಕಟ್ಟಿದ ಅಂಗಳ

ಬಹಳ ಹಿಂದೆ, ಬಿಸಿಲುಕೋಟೆ ಎಂಬ ರಾಜ್ಯದಲ್ಲಿ, ಒಂದು ದಿನ ಎಲ್ಲ ದಿನಗಳ ಹಾಗೆಯೇ ಬೆಳಗಾಯಿತು. ಮಲ್ಲಾಜಿ ಹಪ್ಪಳ ಲಟ್ಟಿಸಿದಳು. ಅವಳ ಗಂಡ ಬೊಮ್ಮರಸ ಹಿತ್ತಿಲಲ್ಲಿ ಹಳೆಯ ಪಂಚೆ ಹಾಸಿ ಒಣಹಾಕಿದ. ನಡುಮಧ್ಯಾಹ್ನ ಅವನ ಮೇಲೊಂದು ನೆರಳು ಬಿತ್ತು. ಕಾಗೆಯೆಂದುಕೊಂಡು ಕೈಯೆತ್ತಿ ಮೇಲೆ ನೋಡಿದ. ನೋಡಿದವನು ಹಾಗೆಯೇ ಕಲ್ಲಾದ.

ಬಂದದ್ದು ಕಾಗೆಯಲ್ಲ, ರಣಹದ್ದಿನ ರೂಪ ತಾಳಿದ ಮಾಂತ್ರಿಕ ಗರಳಕೇತು. ಅವನ ಕಣ್ಣಿಗೆ ಕಣ್ಣು ಕೊಟ್ಟವರೆಲ್ಲ ಕಲ್ಲಾಗುತ್ತಿದ್ದರು. ಆಮೇಲೆ ದಿನವೂ ಊರೂರು ಸುತ್ತಿ ಆ ಕಲ್ಲುಗಳ ತಲೆಯ ಮೇಲೆ ಕೂರುತ್ತಿದ್ದ. ಕೂತಾಗಲೆಲ್ಲ ಕಲ್ಲು ಒಂದಿಷ್ಟು ನೆಲದೊಳಗೆ ಇಳಿಯುತ್ತಿತ್ತು. ತಲೆಯೂ ಮುಳುಗಿದರೆ ಅವರು ಮತ್ತೆ ಬರುವಂತಿರಲಿಲ್ಲ. ಸೂರ್ಯ ಮುಳುಗುವ ಮೊದಲು ಗರಳಕೇತು ತನ್ನ ಬೆಟ್ಟದ ಗೂಡು ಸೇರದಿದ್ದರೆ ಅವನ ಮಂತ್ರವೆಲ್ಲ ನಾಶವಾಗುತ್ತದೆಂದು ರಾಜ್ಯಕ್ಕೆಲ್ಲ ಗೊತ್ತಿತ್ತು. ಆದರೆ ತಡೆಯುವವರು ಯಾರು?

ಬೊಮ್ಮರಸ ಪಾದ ಮುಳುಗುವಷ್ಟು ಇಳಿದ.

"ಮೇಲೊಂದು ಚಪ್ಪರ ಹಾಕಿಬಿಡೇ," ಎಂದಳು ಅತ್ತೆ ದೇಮವ್ವ.

"ಬೇಡ ಅತ್ತೆ. ಪಕ್ಕದ ಬೀದಿಯವರು ಹಾಕಿದರಲ್ಲ, ಬಿಸಿಲು ತಪ್ಪಿದ ಕೂಡಲೇ ಕಲ್ಲು ಬಿರುಕು ಬಿಟ್ಟಿತು. ಇವರಿಗೆ ಬಿಸಿಲು ಬೇಕು. ಮೇಲೆ ಆಕಾಶ ಇರಲಿ, ಸುತ್ತ ಗೋಡೆ ಇರಲಿ."

ಹದ್ದು ಬರುವ ಮಧ್ಯಾಹ್ನ ಬಾಗಿಲು ಮುಚ್ಚಿಕೊಂಡು, ಉಳಿದ ಹೊತ್ತಿನಲ್ಲಿ ಅವರಿಬ್ಬರೂ ಮಣ್ಣು ಕಲಸಿ ಗೋಡೆ ಎಬ್ಬಿಸಿದರು. ಅದನ್ನು ಕಂಡು ಗರಳಕೇತು ಗಾಳಿಗೂಳಿಯನ್ನು ಕಳಿಸಿದ. ಗೂಳಿ ಗುಟುರು ಹಾಕಿತು, ಗೋಡೆ ಉರುಳಿತು. ಮಲ್ಲಾಜಿ ಮತ್ತೆ ಕಟ್ಟಿದಳು, ಈ ಸಲ ಗೋಡೆಯ ಮೇಲರ್ಧದ ತುಂಬ ಕಂಡಿಗಳನ್ನು ಬಿಟ್ಟು. ಗೂಳಿ ಮತ್ತೆ ಬಂತು. ಒಂದು ಕಡೆಯ ಕಂಡಿಗಳಲ್ಲಿ ನುಗ್ಗಿ ಇನ್ನೊಂದು ಕಡೆಯಿಂದ ಆಚೆ ಹೋಯಿತು. ಗೋಡೆ ನಿಂತಿತು.

ಮಾಂತ್ರಿಕ ನೀರುಹಾವನ್ನು ಕಳಿಸಿದ. ಹಾವು ಅಂಗಳದಲ್ಲಿ ಸುರುಳಿ ಸುತ್ತಿತು. ನೀರು ಬೊಮ್ಮರಸನ ಎದೆಯವರೆಗೆ ಏರಿತು. ನೀರನ್ನೆಲ್ಲ ಮೊಗೆದು ಚೆಲ್ಲಿ ಮಲ್ಲಾಜಿ ನೆಲವನ್ನು ಈಶಾನ್ಯದ ಮೂಲೆಗೆ ಇಳಿಜಾರು ಮಾಡಿದಳು, ಆ ಮೂಲೆಯಲ್ಲೊಂದು ತೂಬು ಇಟ್ಟಳು. ಹಾವು ಮತ್ತೆ ಬಂತು. ತೂಬಿನಲ್ಲಿ ಜಾರಿ ಚರಂಡಿ ಸೇರಿತು.

ಉಳಿದವನು ಗರಳಕೇತು. ಅವನು ಈಗಲೂ ದಿನವೂ ಬರುತ್ತಿದ್ದ. ಬೊಮ್ಮರಸ ಮೊಣಕಾಲವರೆಗೆ ಇಳಿದಿದ್ದ. ಮಲ್ಲಾಜಿ ಕಂಡಿಯ ಹಿಂದೆ ನಿಂತು ಹದ್ದಿನ ಕಣ್ಣು ತಪ್ಪಿಸಿ ಕಾಲನ್ನಷ್ಟೇ ನೋಡಿದಳು. ಮೈಭಾರದ ಹಕ್ಕಿ, ನಿಂತಲ್ಲಿಂದ ಏಳಲಾರದು. ಬೊಮ್ಮರಸನ ತಲೆಯ ಮೇಲಿಂದ ನೆಲಕ್ಕೆ ಧುಮುಕಿ, ಅಂಗಳದುದ್ದಕ್ಕೂ ಓಡಿ, ಆಮೇಲೆ ಏಳುತ್ತಿತ್ತು.

ಅವಳು ನಾಲ್ಕು ಗೋಡೆಗಳನ್ನೂ ಒಡೆದಳು. ಗಂಡನ ಸುತ್ತ ನೂಲು ಹಿಡಿದು ಮತ್ತೆ ಕಟ್ಟಿದಳು, ಒತ್ತಾಗಿ, ಎತ್ತರವಾಗಿ, ಕಂಡಿ, ತೂಬುಗಳನ್ನು ಹಾಗೆಯೇ ಬಿಟ್ಟು, ಅಡುಗೆಮನೆಗೆ ಒಂದೇ ಬಾಗಿಲಿಟ್ಟು.

"ಇದೇನೇ, ಎಮ್ಮೆ ಮಲಗಿದರೆ ಬಾಲ ಹೊರಗೆ ಚಾಚಬೇಕು!" ದೇಮವ್ವ ಅಣಕಿಸಿದಳು.

"ಎಮ್ಮೆಗಲ್ಲ ಅತ್ತೆ, ಹದ್ದಿಗೆ."

ಮಧ್ಯಾಹ್ನವಾಯಿತು. ಹದ್ದು ರೆಕ್ಕೆ ಮಡಿಚಿಕೊಂಡು ಕಲ್ಲಿನಂತೆ ಕೆಳಗಿಳಿದು ಬೊಮ್ಮರಸನ ತಲೆಯ ಮೇಲೆ ಕೂತಿತು. ಕೂತು ಸಾಕಾಗಿ ನೆಲಕ್ಕೆ ಧುಮುಕಿತು. ಪೂರ್ವಕ್ಕೆ ಓಡಿತು, ಗೋಡೆಗೆ ಎದೆ ಬಡಿಯಿತು. ಪಶ್ಚಿಮಕ್ಕೆ ಓಡಿತು; ಕೊಕ್ಕು ಬಡಿಯಿತು. ಮತ್ತೆ ತಲೆಯ ಮೇಲೇರಿ ಅಲ್ಲಿಂದಲೇ ನೆಗೆಯಿತು. ರೆಕ್ಕೆಗಳೆರಡೂ ಗೋಡೆಗೆ ತಾಗಿ ಕೆಳಗೆ ಬಿತ್ತು.

"ತಾಯಿ, ಬಾಗಿಲು ತೆಗಿ," ಎಂದ ಗರಳಕೇತು. "ಏಳು ಊರು ಉಂಬಳಿ ಕೊಡ್ತೀನಿ."

ಮಲ್ಲಾಜಿ ಅಗುಳಿಯನ್ನು ಒತ್ತಿ ಹಿಡಿದಳು.

"ರಾಣಿ ಮಾಡ್ತೀನಿ! ನಿನ್ನ ಗಂಡನ್ನ ಕೊಡ್ತೀನಿ!"

ಅವಳ ಕೈ ಅಗುಳಿಯನ್ನು ಅರ್ಧ ಸರಿಸಿತು. ಒಳಗಿನಿಂದ ದೇಮವ್ವ ಕೂಗಿದಳು: "ನನ್ನ ಮಗನ ತಲೆ ಮೇಲೆ ಕೂತು ರೂಢಿಯಾಗಿದೆಯಲ್ಲ, ಇವತ್ತೊಂದು ಸಂಜೆ ಕೂತಿರೋ! ಮಜ್ಜಿಗೆ ಬೇಕಾದರೆ ಕೇಳು!"

ಮಲ್ಲಾಜಿ ಅಗುಳಿಯನ್ನು ಮತ್ತೆ ಜಡಿದಳು. ಬಾಗಿಲು ತೆಗೆಯಲಿಲ್ಲ.

ಸೂರ್ಯ ಮುಳುಗಿದ. ಅಂಗಳದಲ್ಲಿ ಸದ್ದು ನಿಂತಿತು. ಬಾಗಿಲು ತೆರೆದರೆ ಹದ್ದಿರಲಿಲ್ಲ; ಒಂದು ಹಿಡಿ ಬೂದಿಯಿತ್ತು. ಮಲ್ಲಾಜಿ ಒಂದು ಕೊಡ ನೀರು ಸುರಿದಳು. ಬೂದಿ ಇಳಿಜಾರು ಹಿಡಿದು ತೂಬಿನಲ್ಲಿ ಹೋಯಿತು.

"ಹುಶ್!" ಎಂದ ಬೊಮ್ಮರಸ. ಎತ್ತಿದ್ದ ಕೈ ಕೆಳಗಿಳಿಯಿತು. "ಕಾಗೆ ಹೋಯ್ತೇನೇ? ಅಯ್ಯೋ, ಈ ಗೋಡೆ ಯಾವಾಗ ಬಂತು?"

"ಮೊದಲು ಕಾಲು ಕಿತ್ಕೊಳ್ಳಿ," ಎಂದಳು ಮಲ್ಲಾಜಿ. ಅವನ ಎರಡೂ ಕೈ ಹಿಡಿದು ಎಳೆದಳು. ದೇಮವ್ವ ಸೊಸೆಯ ಸೊಂಟ ಹಿಡಿದು ಎಳೆದಳು.

ಆ ಸಂಜೆ ರಾಜ್ಯದಲ್ಲೆಲ್ಲ ಕಲ್ಲುಗಳು ಕಣ್ಣು ಬಿಟ್ಟವು. ಬೀದಿಬೀದಿಯಲ್ಲಿ ದೀಪ ಹಚ್ಚಿ ಜನ ತಮಟೆ ಬಾರಿಸಿದರು. ರಾಜ ಪಲ್ಲಕ್ಕಿ ಕಳಿಸಿ ಮಲ್ಲಾಜಿಯನ್ನು ಆನೆಬಾಗಿಲಿನಿಂದ ಬರಮಾಡಿಕೊಂಡ. ಮುಂದೆ ಬಿಸಿಲುಕೋಟೆಯ ಪ್ರತಿ ಮನೆಯ ನಡುವೆಯೂ ಆಕಾಶ ಕಾಣುವ ಅಂಗಳ ಬಂತು. ಅಲ್ಲಿ ಜನ ನಿಶ್ಚಿಂತೆಯಿಂದ ಬಿಸಿಲು ಕಾಯಿಸಿಕೊಂಡು, ಹಪ್ಪಳ ಒಣಗಿಸಿಕೊಂಡು, ಸುಖವಾಗಿ ಬಾಳಿದರು.

ಮಲ್ಲಾಜಿಯ ಅಂಗಳದಲ್ಲಿ ಎಷ್ಟು ಮಳೆ ಬಂದರೂ ನೀರು ನಿಲ್ಲುವುದಿಲ್ಲ. ನಡುವೆ, ಎರಡು ಕಾಲಿನ ಕುಳಿಗಳಲ್ಲಿ ಮಾತ್ರ ನಿಲ್ಲುತ್ತದೆ.