ಮೆರವಣಿಗೆಯ ಬೆಳಿಗ್ಗೆ ಒಂದು ಕ್ಷೌರ

ಎಲ್ಡನ್‌ನನ್ನು ನಾನು ಮೊದಲು ಮಾತನಾಡಿಸಿದ್ದೇ ಅವನನ್ನು ಜೈಲಿಗೆ ಹಾಕುವಾಗ.

ನಮ್ಮ ಟ್ಯಾನರ್ಸ್ ಬೆಂಡ್‌ನಲ್ಲಿ ಮೇ ಒಂದರಿಂದ ಜುಲೈನ ರೋಡಿಯೊ, ಅಂದರೆ ಕುದುರೆ-ಗೂಳಿ ಸವಾರಿಯ ಜಾತ್ರೆ, ಮುಗಿಯುವ ತನಕ ಗಂಡಸರು ಗಡ್ಡ ತೆಗೆಯುವಂತಿಲ್ಲ. ತೆಗೆದವನನ್ನು ಹುಲ್ಲಿನ ಗಾಡಿಯ ಮೇಲೆ ಕಟ್ಟಿದ ಕಬ್ಬಿಣದ ಪಂಜರದಲ್ಲಿ ಒಂದು ಗಂಟೆ ಕೂರಿಸಿ ಊರೆಲ್ಲ ಗೇಲಿ ಮಾಡುತ್ತದೆ. ಅಜ್ಜಂದಿರ ಕಾಲದಿಂದ ಬಂದ ತಮಾಷೆ. ಆ ಎರಡೂವರೆ ತಿಂಗಳು ನನ್ನ ಕ್ಷೌರದ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸ. ಅದಕ್ಕೇ ರೋಡಿಯೊ ಕಮಿಟಿಯವರು ಕನಿಕರಪಟ್ಟು ನನ್ನ ಅಂಗಿಗೆ ಪೊಲೀಸರ ಬಿಲ್ಲೆಯಂಥ ತಗಡಿನ ನಕ್ಷತ್ರ ಚುಚ್ಚಿ, ತಪ್ಪಿತಸ್ಥರನ್ನು ಹಿಡಿದು ತರುವ ಅಧಿಕಾರ ಕೊಟ್ಟಿದ್ದರು.

ಹೋದ ವರ್ಷ ರೋಡಿಯೊ ವಾರದಲ್ಲಿ ಅವನು ಅಂಚೆ ಕಚೇರಿಯಿಂದ ಹೊರಗೆ ಬಂದ. ಅರವತ್ತರ ಆಸುಪಾಸು, ಎತ್ತರದ ಆಳು, ಕೆನ್ನೆ ತೊಳೆದಿಟ್ಟ ಪಿಂಗಾಣಿ ತಟ್ಟೆಯ ಹಾಗೆ.

"ಏನ್ ಸ್ವಾಮಿ, ಮುಖ ಇಷ್ಟೊಂದು ಹೊಳೀತಿದೆ? ನಡೀರಿ ಜೈಲಿಗೆ."

"ನಾನು ಊರಿಗೆ ಹೊಸಬ ಮೇಡಂ."

"ಹೊಸಬರಿಗೇನು ಗಡ್ಡ ಬರಲ್ವಾ?"

ಅವನು ನಕ್ಕ. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಹೆಚ್ಚೇ ಮುಚ್ಚಿಕೊಳ್ಳುತ್ತದೆ. ತಕರಾರಿಲ್ಲದೆ ಗಾಡಿ ಹತ್ತಿ, "ನಾಲ್ಕು ಗಂಟೆಗೆ ಬಿಟ್ಬಿಡಿ, ಒಂದ್ಕಡೆ ಹೋಗ್ಬೇಕು" ಎಂದಷ್ಟೇ ಕೇಳಿಕೊಂಡ. ನಾನು ಬೇಕೆಂದೇ ಇನ್ನೂ ಅರ್ಧ ಗಂಟೆ ಸತಾಯಿಸಿದೆ. ಆ ಕಣ್ಣನ್ನು ಇನ್ನಷ್ಟು ಹೊತ್ತು ನೋಡಬೇಕೆನಿಸಿತ್ತು, ಸುಳ್ಳೇಕೆ ಹೇಳಲಿ.

ಸೋಮವಾರಗಳಂದು ನಾನು ಊರಾಚೆಯ ಆರೈಕೆ ಮನೆಗೆ ಹೋಗಿ ಅಲ್ಲಿನವರ ಕೂದಲು ಕತ್ತರಿಸುತ್ತೇನೆ. ಆ ಸೋಮವಾರ ಅಲ್ಲಿ ಎಲ್ಡನ್ ಕಿಟಕಿಯ ಬಳಿ ಕೂತಿದ್ದ. ಎದುರಿಗಿದ್ದ ಹೆಂಗಸೊಬ್ಬಳ ಅಂಗೈ ಅವನ ಕೆನ್ನೆಯ ಮೇಲೆ ನಿಧಾನವಾಗಿ ಓಡಾಡುತ್ತಿತ್ತು.

"ಅವರ ಹೆಂಡ್ತಿ, ನಡೀನ್," ಎಂದು ನರ್ಸ್ ಪಿಸುಗುಟ್ಟಿದಳು. "ಎಲ್ಲಾ ಮರ್ತುಬಿಟ್ಟಿದಾರೆ. ಆ ಕೆನ್ನೆ ಮುಟ್ಟಿದಾಗ ಮಾತ್ರ ಎಲ್ಡನ್ ಅಂತಾರೆ. ಗಡ್ಡದೋರು ಹತ್ರ ಹೋದ್ರೆ ಹೆದರಿ ಕಿರುಚ್ತಾರೆ. ಮೊನ್ನೆ ಇವರು ಬರೋದು ತಡ ಆಯ್ತು ನೋಡಿ, ಪಾಪ, ಒಂದೇ ಸಮ ಅಳ್ತಿದ್ರು."

ನಾನು ನಾಚಿಕೆಯಿಂದ ಕುಗ್ಗಿಹೋದೆ.

"ಅವತ್ತೇ ಹೇಳೋಕೆ ಏನಾಗಿತ್ತು ನಿಮ್ಗೆ?" ಎಂದು ಹೊರಗೆ ಬಂದ ಮೇಲೆ ಅವನನ್ನೇ ಗದರಿದೆ.

"ಸ್ವಲ್ಪ ಹೊತ್ತು ಎಲ್ಲರ ಹಾಗೆ ಇರೋಣ ಅನ್ನಿಸ್ತು. ನೀವು ಬೈದ್ರಲ್ಲ, ಚೆನ್ನಾಗಿತ್ತು."

ಆಮೇಲೆ ಪ್ರತಿ ಸೋಮವಾರ ಇಬ್ಬರೂ ಒಟ್ಟಿಗೇ ಕಾಫಿ ಕುಡಿದೆವು. ಹಿಮ ಬಿದ್ದಾಗ ಅವನು ನನ್ನ ಅಂಗಡಿಯ ಮುಂದಿನದನ್ನೂ ಬಾಚಿ ಹೋಗುತ್ತಿದ್ದ. ಗಂಡ ಸತ್ತು ಒಂಬತ್ತು ವರ್ಷವಾಗಿದ್ದ ನಾನು, ಮಾರ್ಲಾ, ಐವತ್ನಾಲ್ಕನೇ ವಯಸ್ಸಿನಲ್ಲಿ ಕನ್ನಡಿ ಮುಂದೆ ನಿಂತು ತುಟಿಗೆ ಬಣ್ಣ ಹಚ್ಚಿ, ಒರೆಸಿ, ಮತ್ತೆ ಹಚ್ಚಿಕೊಳ್ಳತೊಡಗಿದೆ.

ಮಾರ್ಚ್‌ನಲ್ಲಿ ನಡೀನ್‌ಳ ಕೈ ಆ ಕೆನ್ನೆಯನ್ನೂ ಮರೆಯಿತು. ಮುಟ್ಟುತ್ತಿದ್ದಳು, ಹೆಸರು ಬರುತ್ತಿರಲಿಲ್ಲ. ಏಪ್ರಿಲ್ ಪೂರ್ತಿ ಅವನು ದಿನಾ ನುಣ್ಣಗೆ ಕ್ಷೌರ ಮಾಡಿಕೊಂಡು ಹೋಗಿ, ಬರಿಗೈಯಲ್ಲಿ ಬಂದ.

ಮೇ ಒಂದರಿಂದ ಅವನು ಗಡ್ಡ ತೆಗೆಯುವುದನ್ನು ಬಿಟ್ಟ. ಭೇಟಿ ಮಾತ್ರ ತಪ್ಪಿಸಲಿಲ್ಲ. ಅವಳಿಗೆ ಕಾಣದ ಹಾಗೆ ಕುರ್ಚಿಯ ಹಿಂದೆ ನಿಂತು ತಲೆ ಬಾಚಿ ಬರುತ್ತಿದ್ದ. ಗಡ್ಡ ದಟ್ಟವಾದ ಹಾಗೆಲ್ಲ ನನ್ನ ಆಸೆಯೂ ಬೆಳೆಯಿತು. ಅದಕ್ಕಾಗಿ ನನ್ನನ್ನು ನಾನೇ ಬೈದುಕೊಂಡೆ, ಆದರೂ ಬೆಳೆಯಿತು.

ರೋಡಿಯೊ ಮೆರವಣಿಗೆಯ ಹಿಂದಿನ ಸಂಜೆಯೇ ಊರವರು ಬೀದಿಯಂಚಿನಲ್ಲಿ ತಂತಮ್ಮ ಕುರ್ಚಿ ಇಟ್ಟು ಜಾಗ ಹಿಡಿಯುತ್ತಾರೆ. ಯಾರ ಕುರ್ಚಿ ಯಾರ ಪಕ್ಕ ಎಂಬುದನ್ನು ನೋಡಿಯೇ ನಮ್ಮಲ್ಲಿ ಎಷ್ಟೋ ಮದುವೆಗಳ ಸುದ್ದಿ ಹಬ್ಬಿದೆ. ಎಲ್ಡನ್ ತನ್ನ ಹಸಿರು ಕುರ್ಚಿಯನ್ನು ತಂದು ನನ್ನದಕ್ಕೆ ಒತ್ತಿ ಇಟ್ಟ.

"ಜನ ಮಾತಾಡ್ತಾರೆ," ಎಂದೆ.

"ಮಾತಾಡ್ಲಿ. ನಂಗೂ ಕೇಳಿಸ್ಕೊಳ್ಳೋ ಆಸೆ."

ಮರುದಿನ ಬೆಳಿಗ್ಗೆ, ಬ್ಯಾಂಡಿನವರು ಇನ್ನೂ ಶ್ರುತಿ ಮಾಡಿಕೊಳ್ಳುತ್ತಿರುವಾಗ, ಅವನು ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದ. ಮುಖದಲ್ಲಿ ರಕ್ತವಿರಲಿಲ್ಲ.

"ಮಾರ್ಲಾ, ಗಡ್ಡ ತೆಗಿ."

"ಏನಾಯ್ತು?"

"ಇವತ್ತು ನಡೀನ್ ಎದ್ದವಳೇ ನನ್ನ ಹೆಸರು ಹಿಡಿದು ಕೂಗಿದಳಂತೆ. ಫೋನ್ ಬಂತು, ಓಡಿದೆ. ನನ್ನ ನೋಡಿ ಕಿರುಚಿದಳು. 'ನೀನು ಬೇಡ, ಎಲ್ಡನ್‌ನ ಕರೀರಿ' ಅಂತ ನನ್ನನ್ನೇ ಬೇಡ್ಕೊಂಡಳು."

ಅವನನ್ನು ಕೂರಿಸಿ ಬಟ್ಟೆ ಹೊದಿಸಿದೆ. ಕೆನ್ನೆಗೆ ನೊರೆ ಹಚ್ಚಿದೆ.

"ನಾಳೆ ಮತ್ತೆ ಮರೀಬಹುದು, ಎಲ್ಡನ್."

"ಮರೀಬಹುದು. ಆದ್ರೆ ಇನ್ನೊಂದ್ಸಲ ನೆನಪಾದಾಗ ನಾನು ಅಪರಿಚಿತನ ಹಾಗೆ ಎದುರಿಗೆ ನಿಲ್ಬಾರ್ದು. ಅವಳು ಇರೋ ತನಕ ಈ ಮುಖ ಅವಳದ್ದು." ಕನ್ನಡಿಯಲ್ಲಿ ನನ್ನನ್ನೇ ನೋಡಿದ. "ಬೀದಿಯಲ್ಲಿ ಇಟ್ಟ ಆ ಹಸಿರು ಕುರ್ಚಿ ತೆಗೆದುಬಿಡು."

ಬೇಡ ಅನ್ನಬೇಕೆನಿಸಿತು. ಕತ್ತಿಗೆ ಸಾಣೆ ಇಲ್ಲ, ನಾಳೆ ಬಾ ಅನ್ನಬೇಕೆನಿಸಿತು. ಇನ್ನೊಂದು ಗಂಟೆ ಕಳೆದರೆ ಅವಳು ಮರೆತೇಬಿಡುತ್ತಾಳೆ ಎಂಬ ಕೆಟ್ಟ ಯೋಚನೆಯೂ ಬಂತು. ಅದು ಬಂದಿದ್ದಕ್ಕೆ ನನಗೆ ನನ್ನ ಮೇಲೇ ಅಸಹ್ಯವಾಯಿತು. ಕತ್ತಿ ಎತ್ತಿಕೊಂಡೆ.

"ನಿನ್ನ ಪ್ರೀತಿಸ್ತೀನಿ, ಮಾರ್ಲಾ. ಅದೂ ನಿಜ."

"ಗಂಟಲ ಮೇಲೆ ಕತ್ತಿ ಇಟ್ರೆ ಎಲ್ರೂ ಹಂಗೇ ಹೇಳ್ತಾರೆ."

ಅವನ ಎಡಗಣ್ಣು ಮುಚ್ಚಿತು, ಅಂಚಿನಿಂದ ನೀರು ಇಳಿಯಿತು. ನೊರೆಯ ಜೊತೆ ಅದನ್ನೂ ಒರೆಸಿದೆ.

"ನೀನು ಹೇಳಲ್ವಾ?"

"ಪೂರ್ತಿ ಆಗ್ಲಿ. ಈಗ ಹೇಳಿದ್ರೆ ಅರ್ಧ ಗಡ್ಡದಲ್ಲೇ ನಿಲ್ಲಿಸಿಬಿಡ್ತೀನಿ."

ಪೂರ್ತಿಯಾದ ಮೇಲೆ ಬಿಸಿ ಟವೆಲ್‌ ಒತ್ತಿ, ಅದರ ಮೇಲೆ ನನ್ನ ಕೆನ್ನೆಯಿಟ್ಟು ಹೇಳಿದೆ. ಎಷ್ಟು ದಿನದಿಂದ, ಎಷ್ಟು, ಎಲ್ಲವನ್ನೂ. ಹೊರಗೆ ಮೊದಲ ಕುದುರೆಗಳು ಹೋಗುತ್ತಿದ್ದವು. ಜನ ಕೇಕೆ ಹಾಕುತ್ತಿದ್ದರು. ಅವನು ಟವೆಲಿನೊಳಗೇ ತಲೆಯಾಡಿಸಿದ.

ಬೀದಿ ತುಂಬ ಮೆರವಣಿಗೆ ಇದ್ದುದರಿಂದ ಹಿಂದಿನ ಓಣಿಗಳಲ್ಲಿ ಆರೈಕೆ ಮನೆಗೆ ನಾನೇ ಕಾರು ಓಡಿಸಿದೆ. ನಡೀನ್‌ಳ ಕೋಣೆಯ ಬಾಗಿಲಲ್ಲೇ ನಿಂತುಕೊಂಡೆ. ಅವನು ಮಂಡಿಯೂರಿ ಅವಳ ಕೈಯನ್ನು ಕೆನ್ನೆಗೆ ಇಟ್ಟುಕೊಂಡ. ಬೆರಳುಗಳು ಗಲ್ಲದಿಂದ ಕಿವಿಯವರೆಗೆ ಹೋದವು, ವಾಪಸು ಬಂದವು.

"ಎಲ್ಡನ್," ಎಂದಳು ನಡೀನ್. "ಎಲ್ಲಿ ಹೋಗಿದ್ದೆ? ಯಾರೋ ಗಡ್ಡದವನು ಬಂದಿದ್ದ."

"ಅವನನ್ನ ಕಳಿಸಿಬಿಟ್ಟೆ."

ಅವಳ ನೋಟ ನನ್ನ ಮೇಲೆ ಬಿತ್ತು. "ಇವಳು ಯಾರು?"

"ಮಾರ್ಲಾ. ನನ್ನ..."

"ಕ್ಷೌರ ಮಾಡೋಳು," ಎಂದೆ ನಾನೇ.

ನಡೀನ್ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ತುಟಿಯ ಬಣ್ಣವನ್ನೂ ನೋಡಿದಳು.

"ಇವನಿಗೆ ಮದುವೆ ಆಗಿದೆ. ಗೊತ್ತು ತಾನೆ?"

"ಗೊತ್ತು."

"ಕೈ ಚೆನ್ನಾಗಿದೆ ನಿಂದು," ಎಂದು ಅವಳು ಮತ್ತೆ ಅವನ ಕೆನ್ನೆ ಸವರಿದಳು. "ನಾಳೆನೂ ಹೀಗೇ ನುಣ್ಣಗೆ ಮಾಡಿ ಕಳ್ಸಮ್ಮ."

ಎಲ್ಡನ್ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ನಾನು ಅಲ್ಲೇ ಅತ್ತುಬಿಡುತ್ತಿದ್ದೆ.

"ಕಳಿಸ್ತೀನಿ," ಎಂದೆ.