ಸ್ಕ್ಯಾನರಿಗೆ ಉತ್ತರ ಕೊಡದ ಕಾರು

ಕಾರಿನ ಮುಂದಿನ ಜಾಲರಿಯಲ್ಲಿ ಒಂದು ಬಂಗಡೆ ಮೀನು ಸಿಕ್ಕಿಕೊಂಡಿತ್ತು.

ವಿಶಾಲ ಬಗ್ಗಿ ನೋಡಿದ. ಎಡಗಡೆಯ ಹೆಡ್‌ಲೈಟು ಪುಡಿಯಾಗಿತ್ತು. ಬಂಪರ್ ಒಳಕ್ಕೆ ಹೋಗಿತ್ತು. ಐದು ಗಂಟೆಗೆ ಅವನು ಓಡಲು ಹೊರಟಾಗ ಕಾರು ಇದೇ ಅಂಗಳದಲ್ಲಿ ನಿಂತಿತ್ತು—ಒಂದು ಗೀರೂ ಇಲ್ಲದೆ. ಈಗ ಏಳೂವರೆ. ಬಾನೆಟ್ಟು ಮುಟ್ಟಿದ. ಇನ್ನೂ ಬಿಸಿ.

ಅದು 2007ರ ಫೆಬ್ರವರಿಯ ಒಂದು ಭಾನುವಾರ. ವಿಶಾಲ ಹೊನ್ನಾವರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟರು; ಮನೆಯೂ ಅಲ್ಲೇ. ಹುಟ್ಟೂರು ಭಟ್ಕಳದ ಹತ್ತಿರದ ಶಿರಾಲಿ. ಒಂಬತ್ತಕ್ಕೆ ಪೊಲೀಸ್ ಜೀಪು ಬಂದಾಗಲೂ ಅವನು ಅಂಗಳದಲ್ಲೇ ನಿಂತಿದ್ದ.

"ಬೆಳಿಗ್ಗೆ ಆರೂ ಹತ್ತಕ್ಕೆ ಎಲ್ಲಿದ್ರಿ?" ಎಸ್.ಐ. ಸಂಜಯ ಕೇಳಿದರು.

"ಬಂದರಿನ ಕಡೆ ಓಡ್ಲಿಕ್ಕೆ ಹೋಗಿದ್ದೆ ಸರ್. ಪ್ರತಿ ಭಾನುವಾರ ಹೋಗ್ತೆ."

"ನೋಡಿದವರು?"

"ಯಾರೂ ಇಲ್ಲ."

"ಕಾರಿನ ಕೀ?"

"ಒಂದು ಒಳಗೆ ಮೊಳೆಗೆ ನೇತು ಹಾಕಿದ್ದೆ. ಇನ್ನೊಂದು ಹೆಂಡತಿ ಹತ್ರ. ಅವಳು ಶುಕ್ರವಾರವೇ ಕುಮಟಾಕ್ಕೆ, ತಾಯಿ ಮನೆಗೆ ಹೋಗಿದ್ದಾಳೆ. ಎಂತ ಆತು ಸರ್?"

ಶಿರಾಲಿಯ ಹೆದ್ದಾರಿ ಬದಿಯಲ್ಲಿ ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಗಂಗಿಗೆ ಒಂದು ಬಿಳಿ ಕಾರು ಗುದ್ದಿ ಓಡಿಹೋಗಿತ್ತು. ಕಾಲು ಎರಡು ಕಡೆ ಮುರಿದಿತ್ತು. ಚಹಾ ಅಂಗಡಿಯವನೊಬ್ಬ ನಂಬರು ಓದಿದ್ದ. ಓದಬೇಕಾದ ಅಗತ್ಯವೂ ಇರಲಿಲ್ಲ. ಪ್ರಜ್ಞೆ ತಪ್ಪುವ ಮೊದಲು ಗಂಗಿಯೇ ಹೇಳಿದ್ದಳು—"ಅದು ನಮ್ಮ ವಿಶಾಲನ ಗಾಡಿ."

ವಿಶಾಲ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಅವನು ಶಾಲೆಗೆ ಹೋಗುವ ಕಾಲದಿಂದಲೂ ಅವರ ಮನೆಗೆ ಮೀನು ಕೊಡುತ್ತಿದ್ದವಳು ಗಂಗಕ್ಕ.

"ಈ ಕಾರು ಬೇರೆ ಕೀ ಹಾಕಿದರೆ ಸ್ಟಾರ್ಟ್ ಆಗುವುದಿಲ್ಲವಂತೆ, ಹೌದಾ?" ಎಸ್.ಐ. ಕೇಳಿದರು.

"ಹೌದು ಸರ್. ಕೀ ಒಳಗೆ ಒಂದು ಚಿಪ್ ಇರ್ತದೆ. ಅದರ ಗುರುತು ಸಿಕ್ಕಿದ್ರೆ ಮಾತ್ರ ಎಂಜಿನ್ ಚಾಲು ಆಗ್ತದೆ."

"ಹಾಗಾದರೆ ಓಡಿಸಿದ್ದು ಯಾರು? ಮೊಳೆಗೆ ಹಾಕಿದ ಕೀ ತೆಗೆಯಬಲ್ಲವರು ನೀವೊಬ್ಬರೇ."

ಆ ಮಧ್ಯಾಹ್ನ ಓಡಿ ಬಂದವನು ನರೇಶ. ಹೊನ್ನಾವರದಲ್ಲೇ ಗ್ಯಾರೇಜು ಇಟ್ಟುಕೊಂಡವನು. ಒಂದನೇ ಕ್ಲಾಸಿನಿಂದ ವಿಶಾಲನ ಪಕ್ಕ ಕುಳಿತವನು. ಈ ಕಾರನ್ನು ಆರಿಸಿಕೊಟ್ಟವನೂ ಅವನೇ.

"ನೀ ಹೆದರಬೇಡ ಮಾರಾಯಾ. ಗಾಡಿ ಭಟ್ಕಳ ಠಾಣೆಗೆ ನಾನೇ ತಕೊಂಡು ಹೋಗ್ತೆ," ಎಂದ. ಪೊಲೀಸರೂ ಒಪ್ಪಿ ಮೊಳೆಯ ಕೀ ಕೊಟ್ಟರು. ಕಾನ್‌ಸ್ಟೇಬಲ್ ಒಬ್ಬರು ಜೀಪಿನಲ್ಲಿ ಹಿಂದೆ ಬಂದರು.

ಠಾಣೆಯ ಅಂಗಳದಲ್ಲಿ ಎಸ್.ಐ. ಒಂದು ಮಾತು ಕೇಳಿದರು—"ಈ ಕಾರಿಗೆ ಎಷ್ಟು ಕೀ ಗೊತ್ತು ಅಂತ ತಿಳಿಯಲು ದಾರಿ ಇದೆಯೇ?"

"ಇದೆ ಸರ್. ಸ್ಕ್ಯಾನರ್ ಹಾಕಿದ್ರೆ ಎಂಜಿನ್ ಕಂಪ್ಯೂಟರೇ ಹೇಳ್ತದೆ," ಎಂದ ನರೇಶ. ತನ್ನ ಸ್ಕ್ಯಾನರ್ ತಂದು, ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ ಅರ್ಧ ಗಂಟೆ ಒದ್ದಾಡಿದ. ಬೆವರು ಒರೆಸುತ್ತ ಹೊರಗೆ ಬಂದ. "ಲಿಂಕ್ ಆಗ್ತಾ ಇಲ್ಲ. ಗುದ್ದಿದ ಪೆಟ್ಟಿಗೆ ಕಂಪ್ಯೂಟರ್ ಸತ್ತಿರಬೇಕು."

ಹಾಗೆಂದು ಬರೆದು ಸಹಿ ಹಾಕಿದ. ವಿಶಾಲನಿಗಿದ್ದ ಕೊನೆಯ ಆಸೆಯೂ ಹೋಯಿತು. ಜಾಮೀನು ಸಿಕ್ಕಿತು. ಆದರೆ ಸೋಮವಾರ ಹೆಡ್‌ಮಾಸ್ತರರು ಫೋನು ಮಾಡಿ, ಸದ್ಯ ಶಾಲೆಗೆ ಬರುವುದು ಬೇಡ ಎಂದರು. ನರೇಶ ಮಾತ್ರ ದಿನಾ ಬಂದು ಪಕ್ಕದಲ್ಲಿ ಕುಳಿತಿರುತ್ತಿದ್ದ.

ವಿಶಾಲನ ಹೆಂಡತಿ ಸುಚಿತಾ ಸುಮ್ಮನಿರಲಿಲ್ಲ. ಕುಮಟಾದಲ್ಲಿ ಗಾಡಿಗಳ ವೈರಿಂಗ್ ಕೆಲಸಕ್ಕೆ ಹೆಸರಾದ ರೇಖಾಳನ್ನು ಹುಡುಕಿದಳು. ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಎಂದು ಎಸ್.ಐ. ಅವರನ್ನು ಕಾಡಿ ಒಪ್ಪಿಸಿದಳು. ಬುಧವಾರ ಎಲ್ಲರೂ ಠಾಣೆಯ ಅಂಗಳದಲ್ಲಿ ಸೇರಿದರು. ನರೇಶನೂ ಬಂದಿದ್ದ.

ರೇಖಾ ಮೊದಲು ಕೀ ತಿರುಗಿಸಿದಳು. ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಒಂದು ನಿಮಿಷ ಕೇಳಿ, ಆರಿಸಿದಳು. ತನ್ನ ಸ್ಕ್ಯಾನರನ್ನು ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದಳು. ಅದರ ಪರದೆ ಬೆಳಗಿತು. ಆದರೆ ಕಾರಿನಿಂದ ಉತ್ತರವಿಲ್ಲ.

"ನಾ ಹೇಳಿದ್ದೇ ಅಲ್ದಾ?" ಎಂದ ನರೇಶ.

"ಕಾರಿಗೆ ಈಚೆಗೆ ಎಂತಾದ್ರೂ ಹೊಸದು ಕೂರಿಸಿದ್ರಾ?" ರೇಖಾ ವಿಶಾಲನನ್ನು ಕೇಳಿದಳು.

"ಹೋದ ತಿಂಗಳು ಭಟ್ಕಳದಲ್ಲಿ ಸುಬ್ಬನ ಅಂಗಡೀಲಿ ಸ್ಟೀರಿಯೊ ಹಾಕ್ಸಿದ್ದೆ."

"ಹಾಂ! ಅದೇ ಇರ್ಬೇಕು," ನರೇಶ ಥಟ್ಟನೆ ಹೇಳಿದ. "ತಪ್ಪು ವೈರಿಗೆ ಜೋಡಿಸಿದ್ರೆ ಲಿಂಕ್ ಹೋಗ್ತದೆ."

"ಹೋಗ್ತದೆ," ಎಂದು ರೇಖಾ ಸ್ಟೀರಿಯೊ ಹೊರಗೆಳೆದು ಅದರ ವೈರು ಕಳಚಿದಳು. ಮತ್ತೆ ನೋಡಿದಳು. ಉತ್ತರವಿಲ್ಲ. "ಸುಬ್ಬನ ತಪ್ಪಲ್ಲ."

"ಇಲಿ ಕಡಿದಿರಬಹುದು."

"ನೋಡುವ."

ಮೀಟರ್ ಹಿಡಿದು ಸಾಕೆಟ್ಟಿನ ಒಂದೊಂದೇ ಪಿನ್ನು ಮುಟ್ಟಿದಳು. ಕರೆಂಟಿನ ಪಿನ್ನು—ಹನ್ನೆರಡು ವೋಲ್ಟ್. ಅರ್ಥಿಂಗ್ ಸರಿ. ಕಂಪ್ಯೂಟರ್ ಸ್ಕ್ಯಾನರ್ ಜೊತೆ ಮಾತಾಡುವ ತಂತಿಯ ಜಾಗ—ಸೊನ್ನೆ. ಆಮೇಲೆ ಎಂಜಿನ್ ಕಂಪ್ಯೂಟರಿನ ಬಳಿ ಅದೇ ತಂತಿಯನ್ನು ಮುಟ್ಟಿದಳು. ಮೀಟರಿನ ಅಂಕಿ ಮೇಲೇರಿತು.

"ಕಂಪ್ಯೂಟರ್ ಸರಿ ಇದೆ ಸರ್. ಅದರ ಮಾತು ಸಾಕೆಟ್‌ವರೆಗೆ ಬರ್ತಾ ಇಲ್ಲ. ಸಾಕೆಟ್ ಬಿಚ್ಚಲಾ?"

"ಕೇಸಿನ ಗಾಡಿ ಅದು, ಬಿಚ್ಚಿದ್ರೆ ತೊಂದರೆ ಆಗ್ತದೆ," ನರೇಶನ ದನಿ ಏರಿತ್ತು.

ಎಸ್.ಐ. ಅವನತ್ತ ನೋಡಿದರು. "ಬಿಚ್ಚಿ."

ಸಾಕೆಟ್ಟಿನ ಹಿಂಬದಿಯಲ್ಲಿ ಒಂದು ತೂತು ಖಾಲಿ. ಅಲ್ಲಿರಬೇಕಾದ ಪಿನ್ನು ತಂತಿಯ ಸಮೇತ ಹಿಂದಕ್ಕೆ ಮಡಚಿಕೊಂಡಿತ್ತು. ತುದಿಗೆ ಕರಿ ಟೇಪು ಸುತ್ತಿತ್ತು. ಪಿನ್ನುಗಳು ಜಾರದಂತೆ ಹಿಡಿಯುವ ಪುಟ್ಟ ಲಾಕ್ ಮಾತ್ರ ಅದರ ಜಾಗದಲ್ಲೇ ಕೂತಿತ್ತು.

"ಇಲಿ ಕಡಿದು, ಟೇಪು ಸುತ್ತಿ, ಲಾಕ್ ಮುಚ್ಚಿ ಹೋಗ್ತದಾ?" ಎಂದಳು ರೇಖಾ. ಟೇಪು ಬಿಡಿಸಿ ಪಿನ್ನನ್ನು ಸ್ವಸ್ಥಾನಕ್ಕೆ ತಳ್ಳಿದಳು. ಸ್ಕ್ಯಾನರ್ ಹಾಕಿದಳು.

ಕಾರು ಮಾತಾಡಿತು. ರೇಖಾ ಪರದೆಯನ್ನು ಎಸ್.ಐ. ಅವರ ಕಡೆ ತಿರುಗಿಸಿದಳು. ಗುರುತಿನ ಕೀಗಳು—ಮೂರು.

"ಮೂರಾ?" ವಿಶಾಲನಿಗೆ ಅರ್ಥವಾಗಲಿಲ್ಲ. "ನಮ್ಮ ಹತ್ರ ಇರೋದು ಎರಡೇ. ಒಂದು ಕಳೆದು ಹೊಸದು ಮಾಡ್ಸಿದ್ದೆ, ಹೋದ ಮಳೆಗಾಲದಲ್ಲಿ..."

"ಕಳೆದದ್ದು ಯಾರಿಗೋ ಸಿಕ್ಕಿರಬಹುದಲ್ಲ?" ಎಂದರು ಎಸ್.ಐ.

"ಇಲ್ಲ ಸರ್. ಹೊಸ ಕೀ ಕಲಿಸುವಾಗ ಹಳೇ ಗುರುತೆಲ್ಲ ಅಳಿಸಿ ಹೋಗ್ತದೆ. ಆ ಹೊತ್ತಿಗೆ ಕೈಯಲ್ಲಿದ್ದ ಕೀಗಳನ್ನಷ್ಟೇ ಮತ್ತೆ ಕಲಿಸೋದು. ಅವತ್ತು ಮೂರು ಕಲಿಸಿದ್ದಾರೆ. ನಿಮಗೆ ಎರಡು ಕೊಟ್ಟಿದ್ದಾರೆ. ಕೀ ಕಲಿಸ್ಲಿಕ್ಕೆ ಸ್ಕ್ಯಾನರ್ ಬೇಕು, ಕಾರಿನ ಗುಟ್ಟು ನಂಬರಿನ ಕಾರ್ಡೂ ಬೇಕು. ಕಾರ್ಡು ಯಾರಿಗೆ ಕೊಟ್ಟಿದ್ರಿ?"

ವಿಶಾಲ ಉತ್ತರ ಹೇಳುವ ಬದಲು ಪಕ್ಕಕ್ಕೆ ತಿರುಗಿದ.

ನರೇಶ ನೆಲ ನೋಡುತ್ತಿದ್ದ.

"ಎಲ್ಲರ ಕಣ್ಣೆದುರೇ ಇದ್ದದ್ದನ್ನು ಯಾರೂ ಗಮನಿಸಲಿಲ್ಲ," ರೇಖಾ ಮೆಲ್ಲಗೆ ಹೇಳಿದಳು. "ಗುದ್ದಿದ ಪೆಟ್ಟಿಗೆ ಕಂಪ್ಯೂಟರ್ ಸತ್ತಿದೆ ಅಂತ ಇವರು ಬರೆದುಕೊಟ್ಟರು. ಗುದ್ದಿದ ಮೇಲೆ ಇದೇ ಕಾರನ್ನು ಹೊನ್ನಾವರದಿಂದ ಭಟ್ಕಳದವರೆಗೆ ಓಡಿಸಿಕೊಂಡು ಬಂದದ್ದು ಇವರೇ. ಕಂಪ್ಯೂಟರ್ ಸತ್ತ ಗಾಡಿ ಸ್ಟಾರ್ಟೇ ಆಗೋದಿಲ್ಲ. ಇಷ್ಟು ವರ್ಷ ಗ್ಯಾರೇಜು ನಡೆಸಿದವರಿಗೆ ಅದು ಗೊತ್ತಿಲ್ವಾ? ಪಿನ್ನು ತೆಗೆದದ್ದು ಇವರು ಸ್ಟೇರಿಂಗಿನ ಕೆಳಗೆ ಒದ್ದಾಡಿದ ಆ ಅರ್ಧ ಗಂಟೆಯಲ್ಲಿ. ಸರ್, ಭಾನುವಾರ ಕಾರು ಓಡಿಸಿದ್ದು ನರೇಶ."

ಎಸ್.ಐ. ನರೇಶನ ಮುಂದೆ ಬಂದು ನಿಂತರು.

"ಕೀ ಎಲ್ಲಿ?" ಎಸ್.ಐ. ಕೇಳಿದರು.

"ಶರಾವತಿಗೆ ಎಸೆದೆ," ನರೇಶನ ದನಿ ಕೇಳಿಸಲಾರದಷ್ಟು ಸಣ್ಣದಾಗಿತ್ತು. "ಠಾಣೆಗೆ ಗಾಡಿ ತರುವಾಗ, ಸೇತುವೆ ಮೇಲೆ."

ಒಂದೊಂದಾಗಿ ಹೊರಬಿತ್ತು. ಪ್ರತಿ ಭಾನುವಾರ ವಿಶಾಲ ಓಡಲು ಹೋದ ಮೇಲೆ ನರೇಶ ಕಾರು ತೆಗೆಯುತ್ತಿದ್ದ. ಭಟ್ಕಳ ಸ್ಟೇಷನ್ನಿಗೆ ಬೆಳಗಿನ ರೈಲು ಹಿಡಿಯುವವರನ್ನು ಬಾಡಿಗೆಗೆ ಬಿಟ್ಟು, ಏಳರೊಳಗೆ ತಂದು ನಿಲ್ಲಿಸುತ್ತಿದ್ದ.

"ಪೆಟ್ರೋಲ್ ಜಾಸ್ತಿ ಕುಡೀತದೆ ಹೇಳಿ ನಾನು ನಿನ್ನ ಹತ್ರವೇ ಬಂದಿದ್ದೆ," ಎಂದ ವಿಶಾಲ. "ಎಸಿ ಕಡಿಮೆ ಹಾಕು ಅಂದಿದ್ದೆ ನೀನು."

ನರೇಶ ಒಂದು ಹೆಜ್ಜೆ ಹಿಂದೆ ಸರಿದ.

"ಕೇಳಿದ್ರೆ ಕಾರು ಕೊಡ್ತಿರ್ಲಿಲ್ವಾ ನಾನು? ಹೋಗಲಿ ಬಿಡು. ಗಂಗಕ್ಕ ಬಿದ್ದದ್ದು ನೋಡಿದ್ಯಾ?"

"ನೋಡ್ದೆ. ನಿಲ್ಲಿಸಿದ್ದೆ ವಿಶಾಲ, ದೇವರಾಣೆ. ಇಳೀಲಿಕ್ಕೆ ಬಾಗಿಲಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಅವಳು ನಿನ್ನ ಹೆಸರು ಹಿಡಿದು ಕರೆದಳು."

"ಮತ್ತೆ?"

"ಒಳಗಿದ್ದದ್ದು ನೀನೇ ಅಂದ್ಕೊಂಡಿದ್ದಾಳೆ ಅಂತ ಗೊತ್ತಾಯ್ತು. ಹೊರಟುಬಿಟ್ಟೆ."

ವಿಶಾಲ ಕೈ ಎತ್ತಲಿಲ್ಲ, ಬಯ್ಯಲಿಲ್ಲ. ಮೂರು ದಿನ ತನ್ನ ಮನೆಯಲ್ಲಿ, ತನ್ನ ಭುಜದ ಮೇಲೆ ಕೈಯಿಟ್ಟು ಕುಳಿತವನ ಮುಖವನ್ನು ಒಮ್ಮೆ ನೋಡಿದ. ಸುಚಿತಾ ಅವನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದರು. ಗಂಗಿ ಎಚ್ಚರವಿದ್ದಳು. ವಿಶಾಲನನ್ನು ಕಂಡದ್ದೇ ಮುಖವನ್ನು ಗೋಡೆಯ ಕಡೆ ಹೊರಳಿಸಿದಳು.

"ನಾನು ಕರೆದೆ," ಎಂದಳು ಗೋಡೆಗೆ. "ನೀನು ನಿಲ್ಲಲಿಲ್ಲ."

ವಿಶಾಲ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕುಳಿತ. ನರೇಶನ ಹೆಸರು ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.